ಹೊಟ್ಟೆ ಸರ್ಜರಿ ಮಾಡಿಸಿಕೊಳ್ಳಬೇಕು ಅನ್ನಿಸಿದೆ, ಕೈಯಲ್ಲಿ ರೊಕ್ಕ ಇಲ್ಲ: ಮನೆಯಲ್ಲಿರುವ ಅಮ್ಮಂದಿರು ಎಲ್ಲಿಂದ ಶುರು ಮಾಡಬೇಕು

ಎರಡು ಹೆರಿಗೆ ಆಗಿದೆ. ಎರಡನೆಯದು ಸಿಸೇರಿಯನ್. ಹೊಟ್ಟೆಯ ಕೆಳಗಡೆ ಚರ್ಮ ಜೋತು ಬಿದ್ದಿದೆ, ಸೀರೆ ಉಟ್ಟರೆ ನೆರಿಗೆ ಸರಿಯಾಗಿ ಕೂರುವುದಿಲ್ಲ, ಚೂಡಿದಾರ್ ಹಾಕಿಕೊಂಡು ಮದುವೆಗೆ ಹೋದರೆ "ಏನಮ್ಮಾ, ಮತ್ತೆ ವಿಶೇಷನಾ?" ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಮೊಬೈಲ್ ತೆಗೆದರೆ ಬೆಂಗಳೂರಿನ ಕ್ಲಿನಿಕ್‌ಗಳ ಜಾಹೀರಾತು. ಹೆರಿಗೆಯಾದವರ ಮೈಯನ್ನು ಮೊದಲಿನ ಹಾಗೆ ಮಾಡುವ ಮಾಮಿ ಮೇಕೋವರ್ ಸರ್ಜರಿ ಅಂತೆ, ಬಡ್ಡಿ ಇಲ್ಲದ ಇಎಂಐ ಅಂತೆ, ಇವತ್ತೇ ಫೋನ್ ಮಾಡಬೇಕಂತೆ. ಆಸೆ ಆಗುತ್ತೆ. ಆದರೆ ರೊಕ್ಕಕ್ಕೆ ಗಂಡನನ್ನು ಕೇಳಬೇಕು.

ಈ ಜಾಗದಲ್ಲಿ ನಿಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾಡಿಸಿಕೊಳ್ಳಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ನಮ್ಮ ಏರಿಯಾದ ಒಂದು ಮಹಿಳಾ ಸಂಘದ ಲೆಕ್ಕ ಬರೆಯುತ್ತೇನೆ, ಅಷ್ಟೆ. ಸಾಲ ಕೊಡುವಾಗ ಪುಸ್ತಕದಲ್ಲಿ ಕಾರಣ ಅಂತ ಒಂದು ಕಾಲಂ ಇರುತ್ತೆ. ಅಲ್ಲಿ ಮಗಳ ಫೀಸು, ಅತ್ತೆಯ ಕಣ್ಣಿನ ಆಪರೇಷನ್, ಬೋರ್‌ವೆಲ್ ಮೋಟಾರು, ಗಂಡನ ಅಂಗಡಿಗೆ ಮಾಲು, ಇವೇ. ತನಗೋಸ್ಕರ ಅಂತ ಬರೆಸಿದವರು ನನಗೆ ನೆನಪಿಲ್ಲ. ಬೇಕು ಅನ್ನಿಸಲ್ಲ ಅಂತಲ್ಲ, ಬರೆಸೋಕೆ ನಾಚಿಕೆ.

ನನಗೆ ಹೇಳಬೇಕಾಗಿರುವುದು ಒಂದೇ. ನಿಮ್ಮ ಹೆಸರಿನಲ್ಲಿ ನಾಲ್ಕು ಕಾಸು ಇಲ್ಲದೆ ಈ ನಿರ್ಧಾರಕ್ಕೆ ಕೈ ಹಾಕಿದರೆ ಅದು ನಿಮ್ಮ ನಿರ್ಧಾರ ಆಗಲ್ಲ. ಗಂಡ ಕೊಟ್ಟರೆ ಆಯಿತು, ಕೊಡದಿದ್ದರೆ ಇಲ್ಲ. ಕೊಟ್ಟ ಮೇಲೂ ಹತ್ತು ವರ್ಷ "ನಿನ್ನ ಹೊಟ್ಟೆಗೆ ಎಷ್ಟು ಸುರಿದಿದ್ದೀನಿ ಗೊತ್ತಾ" ಅನ್ನುವ ಮಾತು ಮನೆಯಲ್ಲಿ ಓಡಾಡಿಕೊಂಡಿರುತ್ತೆ. ಹಾಗಾಗಿ ಮೊದಲು ಹೊಟ್ಟೆಗೆ ಏನಾಗಿದೆ ಅಂತ ನೋಡಿಸಿ, ಆಮೇಲೆ ರೊಕ್ಕದ ದಾರಿ ಮಾಡಿಕೊಳ್ಳಿ, ಆಮೇಲೆ ಮನೆಯಲ್ಲಿ ಮಾತಾಡಿ. ಕ್ಲಿನಿಕ್ ಕೊನೆಗೆ. ಜಾಹೀರಾತು ನೋಡಿದವರು ಇದನ್ನು ಹಿಂದುಮುಂದಾಗಿ ಮಾಡುತ್ತಾರೆ.

ಹೊಟ್ಟೆಗೆ ಏನಾಗಿದೆ?

ದಪ್ಪ ಹೊಟ್ಟೆ ಎಲ್ಲಾ ಒಂದೇ ಅಲ್ಲ. ಕೊಬ್ಬು ಇರಬಹುದು, ಚರ್ಮ ಸಡಿಲ ಆಗಿರಬಹುದು, ಒಳಗಿನ ಸ್ನಾಯು ಬಿಟ್ಟುಕೊಂಡಿರಬಹುದು, ಹರ್ನಿಯಾ (ಹೊಟ್ಟೆಯ ಗೋಡೆ ಸಡಿಲಾದ ಕಡೆ ಒಳಗಿನದು ಹೊರಗೆ ಉಬ್ಬುವುದು) ಆಗಿರಬಹುದು. ಒಂದೊಂದಕ್ಕೂ ದಾರಿ ಬೇರೆ.

ಸ್ನಾಯುವಿನ ವಿಷಯ ಮನೆಯಲ್ಲೇ ಸ್ವಲ್ಪ ನೋಡಿಕೊಳ್ಳಬಹುದು. ಚಾಪೆ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಬೆರಳುಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಲಾಗಿ ಇಟ್ಟು ತಲೆಯನ್ನೂ ಭುಜವನ್ನೂ ಮೆಲ್ಲಗೆ ಎತ್ತಿ. ನಡುವೆ ಒಂದು ಸಂದು ಸಿಗುತ್ತೆ. ಎರಡು ಬೆರಳಿಗಿಂತ ಜಾಸ್ತಿ ಅಗಲ ಇದ್ದರೆ, ಅಥವಾ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಏಣು ಎದ್ದ ಹಾಗೆ ಉಬ್ಬಿದರೆ, ಬಸಿರಿನಲ್ಲಿ ಬಿಟ್ಟುಕೊಂಡ ಸ್ನಾಯು ಪೂರ್ತಿ ಕೂಡಿಕೊಂಡಿಲ್ಲ ಅಂತ ಅನುಮಾನ ಪಡಬಹುದು. ಡಾಕ್ಟರುಗಳು ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅನ್ನುತ್ತಾರೆ. ಸೊಂಟ ನೋವು ಬಿಡದೇ ಇರೋದಕ್ಕೆ ಇದೂ ಒಂದು ಕಾರಣ ಆಗಿರಬಹುದು. ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ಕೆಲವು ತಿಂಗಳು ಬಿಡದೆ ಮಾಡಿದರೆ ತುಂಬಾ ಜನರಿಗೆ ಸುಧಾರಿಸುತ್ತೆ. ಮೊಬೈಲ್ ನೋಡಿ ಸಿಟ್‌ಅಪ್ ಹೊಡೆಯೋಕೆ ಮಾತ್ರ ಹೋಗಬೇಡಿ, ಇಂಥ ಹೊಟ್ಟೆಗೆ ಅದರಿಂದ ಉಬ್ಬು ಜಾಸ್ತಿ ಆಗಬಹುದು. ಬಾಣಂತನದಲ್ಲಿ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಅಮ್ಮನೋ ಅತ್ತೆಯೋ ಹೇಳುತ್ತಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಸರೆ ಸಿಗುತ್ತೆ. ಕಟ್ಟಿದ ಮಾತ್ರಕ್ಕೆ ಸ್ನಾಯು ಕೂಡಿಕೊಳ್ಳುತ್ತೆ ಅನ್ನುವ ಖಾತ್ರಿ ಇಲ್ಲ.

ಕೆಮ್ಮಿದಾಗ, ನೀರಿನ ಕೊಡ ಎತ್ತಿದಾಗ ಹೊಕ್ಕುಳ ಹತ್ತಿರವೋ ಸಿಸೇರಿಯನ್ ಗಾಯದ ಹತ್ತಿರವೋ ಗಂಟು ಎದ್ದು ಮಲಗಿದಾಗ ಇಳಿದರೆ ಹರ್ನಿಯಾ ಇರಬಹುದು. ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ದಾವಣಗೆರೆಯಲ್ಲಿ ಬಾಪೂಜಿ, ಎಸ್.ಎಸ್., ಚಿಗಟೇರಿ ಜಿಲ್ಲಾಸ್ಪತ್ರೆ ಇವೆ, ದುರ್ಗದ ಕಡೆಯವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ, ಬಸವೇಶ್ವರ ಆಸ್ಪತ್ರೆ ಇವೆ. ಜನರಲ್ ಸರ್ಜರಿ ಓಪಿಡಿಗೆ ತೋರಿಸಿ. ಇದು ರೊಕ್ಕದ ಲೆಕ್ಕದಲ್ಲೂ ದೊಡ್ಡ ವಿಷಯ. ಚೆಂದಕ್ಕೆ ಮಾಡಿಸಿಕೊಳ್ಳುವ ಸರ್ಜರಿಗೆ ಆರೋಗ್ಯ ವಿಮೆ ಕಾಸು ಕೊಡಲ್ಲ, ಪಾಲಿಸಿಯಲ್ಲೇ ಹಾಗಂತ ಬರೆದಿರುತ್ತೆ. ಹರ್ನಿಯಾ ಕಾಯಿಲೆ ಲೆಕ್ಕಕ್ಕೆ ಬರುತ್ತೆ, ಪಾಲಿಸಿ ಮಾಡಿಸಿದ ಮೇಲೆ ಕ್ಲೇಮ್ ಮಾಡೋಕೆ ಕಾಯಬೇಕಾದ ಅವಧಿ ಮುಗಿದಿದ್ದರೆ ಕೇಳಬಹುದು. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತಾ ಅಂತ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ.

ಇದ್ಯಾವುದೂ ಅಲ್ಲ, ಬರೀ ಚರ್ಮ ಮತ್ತು ಕೊಬ್ಬು ಅಂತಾದರೆ, ಅಥವಾ ವ್ಯಾಯಾಮ ಮಾಡಿದರೂ ಸ್ನಾಯು ಕೂಡದಿದ್ದರೆ ಮಾತ್ರ ಕಾಸ್ಮೆಟಿಕ್ ಸರ್ಜರಿಯ ಪ್ರಶ್ನೆ ಬರುತ್ತೆ. ಲೈಪೋಸಕ್ಷನ್ ಅಂದರೆ ಕೊಬ್ಬು ಹೀರಿ ತೆಗೆಯುವುದು. ಜೋತ ಚರ್ಮ ಅದರಿಂದ ಬಿಗಿಯಾಗಲ್ಲ, ಸ್ನಾಯು ಕೂಡಲ್ಲ. ಟಮ್ಮಿ ಟಕ್ ಅಂದರೆ ಹೊಟ್ಟೆಯ ಕೆಳಗೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಕೊಯ್ದು, ಹೆಚ್ಚಿನ ಚರ್ಮ ತೆಗೆದು, ಬೇಕಾದರೆ ಸ್ನಾಯುವನ್ನೂ ಹೊಲಿಯುವ ದೊಡ್ಡ ಆಪರೇಷನ್. ಗಾಯದ ಗೆರೆ ಮಾಸುತ್ತೆ, ಪೂರ್ತಿ ಹೋಗಲ್ಲ. ಎರಡೂ ತೂಕ ಇಳಿಸುವ ಚಿಕಿತ್ಸೆ ಅಲ್ಲ. ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ಈಗ ಮಾಡಿಸಬೇಡಿ, ಮತ್ತೆ ಬಸಿರಾದರೆ ಮತ್ತೆ ಹಿಗ್ಗುತ್ತೆ. ಹೆರಿಗೆ ಆಗಿ ಕಡಿಮೆ ಅಂದರೂ ಆರು ತಿಂಗಳು ಕಳೆದು, ಎದೆಹಾಲು ಬಿಡಿಸಿ, ತೂಕ ಒಂದು ಕಡೆ ನಿಂತ ಮೇಲೆ ಯೋಚಿಸಿ.

ಅಂದರೆ ನಿಮಗೆ ಹೇಗೂ ಸಮಯ ಇದೆ. ಆ ಸಮಯದಲ್ಲಿ ರೊಕ್ಕದ ಕೆಲಸ ಮಾಡಿ.

ರೊಕ್ಕ

"ನಾನೇನು ದುಡಿಯಲ್ಲ" ಅನ್ನುವ ಮಾತನ್ನು ಮೊದಲು ಬಿಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ ಅಂತ ಬಂತು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಕೆಲಸಕ್ಕೂ ಆದಾಯ ಲೆಕ್ಕ ಹಾಕಬೇಕು ಅಂತ ಹೇಳಿತು. ಸತ್ತ ಮೇಲೆ ಬೆಲೆ ಕಟ್ಟುವ ಕೆಲಸಕ್ಕೆ ಬದುಕಿದ್ದಾಗ ಬೆಲೆ ಇಲ್ವಾ? ಇದನ್ನು ಗಂಡನ ಮುಂದೆ ಜಗಳಕ್ಕೆ ತೆಗೆಯಿರಿ ಅಂತ ಹೇಳುತ್ತಿಲ್ಲ. ನಿಮ್ಮ ತಲೆಯಲ್ಲಿ ಇರಲಿ.

ಈಗ ಕೆಲಸಕ್ಕೆ ಬರೋಣ. ನಿಮ್ಮೊಬ್ಬರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆಯಾ? "ಇದೆ" ಅಂತ ಬಹಳ ಜನ ಹೇಳುತ್ತಾರೆ. ಹಾಗಾದರೆ ಎಟಿಎಂ ಕಾರ್ಡ್ ಯಾರ ಪರ್ಸಿನಲ್ಲಿದೆ, ಪಿನ್ ಯಾರಿಗೆ ಗೊತ್ತು, ಒಟಿಪಿ ಯಾರ ಫೋನಿಗೆ ಬರುತ್ತೆ? ನಮ್ಮ ಸಂಘದಲ್ಲಿ ಪಾಸ್‌ಬುಕ್ ತರಿಸಿ ನೋಡಿದಾಗ ಎಷ್ಟೋ ಜನರ ಖಾತೆಗೆ ಗಂಡನ ನಂಬರೋ ಮಗನ ನಂಬರೋ ಜೋಡಿಸಿತ್ತು. ಖಾತೆ ತೆರೆಯುವಾಗ ಇವರ ಹತ್ತಿರ ಫೋನ್ ಇರಲಿಲ್ಲ, ಆಮೇಲೆ ಬದಲಾಯಿಸಲಿಲ್ಲ, ಅಷ್ಟೆ. ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಬ್ರಾಂಚಿಗೆ ಹೋಗಿ ಒಂದು ಫಾರಂ ತುಂಬಿದರೆ ನಂಬರ್ ಬದಲಾಗುತ್ತೆ. ಬಸ್ಸಿಗೆ ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ನಮಗೆ ಫ್ರೀ.

ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದು ನಿಮ್ಮದು. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದರೆ ಅವರ ಖಾತೆಗೆ ಹೋಗುತ್ತೆ, ಅದಕ್ಕಾಗಿ ಅತ್ತೆಯ ಜೊತೆ ಕಿತ್ತಾಡಬೇಡಿ, ಅವರಿಗೂ ಅದು ಮೊದಲ ಸ್ವಂತ ರೊಕ್ಕ ಇರಬಹುದು. ಮನೆಯವರು ಆದಾಯ ತೆರಿಗೆ ಕಟ್ಟುವವರಾದರೆ ಈ ಹಣ ಬರುವುದೇ ಇಲ್ಲ.

ಸಾಸಿವೆ ಡಬ್ಬಿಯಲ್ಲಿ ರೊಕ್ಕ ಇಡುವುದನ್ನು ಇನ್ನಾದರೂ ಬಿಡಿ. 2016ರ ನವೆಂಬರ್‌ನಲ್ಲಿ ನೋಟು ಬಂದ್ ಆದಾಗ ಎಷ್ಟು ಮನೆಗಳಲ್ಲಿ ಡಬ್ಬಿಯಿಂದ 500, 1000ದ ನೋಟು ಹೊರಗೆ ಬಂದು, "ಇಷ್ಟು ರೊಕ್ಕ ಎಲ್ಲಿಂದ ಬಂತು?" ಅಂತ ವಿಚಾರಣೆ ಆಯಿತು ನೆನಪಿದೆಯಾ? ಡಬ್ಬಿಯಲ್ಲಿ ಬಡ್ಡಿಯೂ ಬೆಳೆಯಲ್ಲ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಶುರು ಮಾಡಬಹುದು, ಅದು ಐದು ವರ್ಷದ್ದು. ಇಷ್ಟು ಕಾಯೋಕೆ ಆಗಲ್ಲ ಅಂದರೆ ಬ್ಯಾಂಕಿನಲ್ಲಿ ಒಂದು, ಎರಡು ವರ್ಷದ ಆರ್‌ಡಿ ಇದೆ. ಚೀಟಿ ಹಾಕುವವರು ನೋಂದಣಿ ಇರುವ ಕಡೆ ಹಾಕಿ. ಓಣಿಯ ಚೀಟಿ ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ಹಿಡಿಯೋಕೆ ಒಂದು ಕಾಗದವೂ ಇರಲ್ಲ.

ತಿಂಗಳ ಸಂಬಳದ ಮನೆ ಆದರೆ ತಿಂಗಳಿಗೆ ಇಷ್ಟು ಅಂತ ಕೇಳಬಹುದು. ನಮ್ಮ ಕಡೆ ಅರ್ಧ ಮನೆಗಳು ಹಾಗಿಲ್ಲ. ಮೆಕ್ಕೆಜೋಳ ಮಾರಿದಾಗ, ಭದ್ರಾ ನೀರಿನ ಭತ್ತ ಮಾರಿದಾಗ, ಚನ್ನಗಿರಿ, ಹೊಳಲ್ಕೆರೆ ಕಡೆ ಆದರೆ ಅಡಿಕೆ ಕೊಟ್ಟಾಗ ರೊಕ್ಕ ಒಟ್ಟಿಗೆ ಬರುತ್ತೆ, ಒಟ್ಟಿಗೆ ಸಾಲಕ್ಕೆ ಹೋಗುತ್ತೆ. ಅಂಥ ಮನೆಯಲ್ಲಿ ತಿಂಗಳ ಖರ್ಚಿನಲ್ಲಿ ಉಳಿಸುತ್ತೀನಿ ಅನ್ನುವುದು ಕನಸು. ಮಂಡಿಯಿಂದ ಪಟ್ಟಿ ಬಂದ ದಿನ, ಗೊಬ್ಬರದ ಅಂಗಡಿಗೆ ಕಟ್ಟುವ ಮೊದಲು, ನಿಮ್ಮ ಖಾತೆಗೆ ಒಂದು ಪಾಲು ಹಾಕಿಸಿಕೊಳ್ಳಿ. ಕಳೆ ತೆಗೆದವರು, ಕಾಳು ಹಸನು ಮಾಡಿದವರು, ಆಳುಗಳಿಗೆ ಬುತ್ತಿ ಕಟ್ಟಿದವರು ನೀವೇ ಅಲ್ವಾ? ಒಂದು ಸಲ ಪದ್ಧತಿ ಬಿದ್ದರೆ ಮುಂದಿನ ಬೆಳೆಗೆ ಕೇಳಬೇಕಾಗಲ್ಲ.

ಇನ್ನು ಬಂಗಾರ. ಮದುವೆಯಲ್ಲಿ ನಿಮಗೆ ಅಂತ ತವರಿನವರು, ಗಂಡನ ಕಡೆಯವರು, ನೆಂಟರು ಕೊಟ್ಟಿದ್ದು ಸ್ತ್ರೀಧನ. ಅದು ಪೂರ್ತಿ ನಿಮ್ಮ ಸ್ವತ್ತು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಅತ್ತೆಯ ಬೀರುವಿನಲ್ಲಿ ಇಟ್ಟ ಮಾತ್ರಕ್ಕೆ ಅತ್ತೆಯದಾಗಲ್ಲ. ಒಂದೊಂದನ್ನೂ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ಇದ್ದರೆ ಜೋಡಿಸಿ. ಅಡ ಇಡುವ ಸಂದರ್ಭ ಬಂದರೆ ಸಾಲದ ಚೀಟಿ ನಿಮ್ಮ ಹೆಸರಿನಲ್ಲೇ ಇರಲಿ. ಗಂಡನ ಹೆಸರಿನಲ್ಲಿ ಅಡ ಇಟ್ಟ ನಿಮ್ಮ ಸರವನ್ನು ಬಿಡಿಸಿಕೊಂಡು ಬರೋಕೆ ನಿಮಗೇ ಆಗಲ್ಲ. ತವರಿನ ಆಸ್ತಿಯೂ ಹಾಗೆಯೇ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅನ್ನುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಅಣ್ಣ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡಿ. ಬಿಟ್ಟುಕೊಡೋದು ನಿಮ್ಮಿಷ್ಟ. ಏನು ಬಿಡುತ್ತಿದ್ದೀರಿ ಅಂತ ಗೊತ್ತಿರಲಿ.

ಸಣ್ಣ ದುಡಿಮೆ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳಲ್ಲ. ಫಾಲ್, ಪಿಕೋ, ಕುಚ್ಚು, ಟ್ಯೂಷನ್, ರೊಟ್ಟಿ, ಶೇಂಗಾ ಚಟ್ನಿಪುಡಿ, ಏನು ಬರುತ್ತೋ ಅದು. ತಿನ್ನುವ ಪದಾರ್ಥ ಮಾರಿದರೆ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಗಿರಾಕಿಗಳ ಫೋನ್‌ಪೇ ನಿಮ್ಮ ನಂಬರಿಗೇ ಬರಬೇಕು, ಮನೆಯವರ ನಂಬರಿಗೆ ಬೇಡ. ಇದರಲ್ಲಿ ಮಾತ್ರ ನಾಚಿಕೆ ಪಡಬೇಡಿ.

ಎಷ್ಟು ಕೂಡಿದರೆ ಸರ್ಜರಿಗೆ ಕೈ ಹಾಕಬಹುದು? ಟಮ್ಮಿ ಟಕ್ ಖರ್ಚು ದೊಡ್ಡ ಊರಿನಲ್ಲಿ ಲಕ್ಷ ದಾಟುತ್ತೆ. ಅದರ ಮೇಲೆ ಜಿಎಸ್‌ಟಿ, ಹೋಗಿ ಬರುವ ಖರ್ಚು, ಮನೆಗೆ ಅಡುಗೆಯವರು. ನಾನಾದರೆ ನನ್ನ ಹೆಸರಿನಲ್ಲಿರುವ ಉಳಿತಾಯದ ಅರ್ಧಕ್ಕಿಂತ ಜಾಸ್ತಿ ಇದಕ್ಕೆ ಮುಟ್ಟಲ್ಲ. ಉಳಿದರ್ಧ ಮುಟ್ಟದ ಹಣ. ಪೂರ್ತಿ ಖಾಲಿ ಮಾಡಿ ಚಪ್ಪಟೆ ಹೊಟ್ಟೆಯ ಜೊತೆ ಮತ್ತೆ ಕೈ ಚಾಚುವ ಜಾಗಕ್ಕೇ ಬಂದರೆ ಏನು ಬಂತು?

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಇದಕ್ಕೆ ಬೇಡವೇ ಬೇಡ. ಕ್ಲಿನಿಕ್‌ನವರು ಹೇಳುವ ಇಎಂಐ ಕೂಡ ಸಾಲವೇ. ಬಡ್ಡಿ ಇಲ್ಲ ಅಂದರೂ ಪ್ರೊಸೆಸಿಂಗ್ ಫೀ ಎಷ್ಟು, ಒಟ್ಟು ಎಷ್ಟು ಕಟ್ಟಬೇಕು, ಒಂದು ಕಂತು ತಪ್ಪಿದರೆ ಏನು, ಆಪರೇಷನ್ ಬೇಡ ಅಂದರೆ ಸಾಲ ರದ್ದಾಗುತ್ತಾ, ಇಷ್ಟನ್ನೂ ಕಾಗದದಲ್ಲಿ ಕೇಳಿ. ನಿಮಗೆ ಆದಾಯ ಇಲ್ಲ ಅಂತ ಸಾಲ ಗಂಡನ ಪ್ಯಾನ್ ಮೇಲೆ ಆದರೆ ನಾವು ಶುರು ಮಾಡಿದ ಜಾಗಕ್ಕೇ ಬಂದ ಹಾಗಾಯಿತು.

ಯಾರ ಆಸೆ ಇದು?

ಇದಕ್ಕೆ ಜಾಸ್ತಿ ಹೊತ್ತು ಬೇಡ, ಆದರೆ ಪ್ರಾಮಾಣಿಕವಾಗಿ ಯೋಚಿಸಿ. ಯಾರೂ ಏನೂ ಅನ್ನದ ದಿನ, ಮನೆಯಲ್ಲಿ ಒಬ್ಬರೇ ಇರುವಾಗಲೂ ಬೇಕು ಅನ್ನಿಸುತ್ತಾ? ಅಥವಾ ವಾರಗಿತ್ತಿ ಏನೋ ಅಂದ ದಿನ, ಹಳೇ ಮದುವೆ ಆಲ್ಬಂ ನೋಡಿದ ದಿನ ಮಾತ್ರನಾ? ಗಂಡ ಬೇರೆ ಕಡೆ ನೋಡುತ್ತಿದ್ದಾನೆ ಅನ್ನುವ ಭಯಕ್ಕೆ ಮಾಡಿಸಿಕೊಳ್ಳುತ್ತಿದ್ದರೆ ನಿಲ್ಲಿಸಿ. ಆ ರೋಗಕ್ಕೆ ಇದು ಮದ್ದಲ್ಲ. ಗಂಡನೇ ಒತ್ತಾಯ ಮಾಡುತ್ತಿದ್ದರೆ, ತಾನೇ ರೊಕ್ಕ ಕೊಡುತ್ತೀನಿ ಅಂತ ಮುಂದೆ ಬಂದಿದ್ದರೆ, ಬೇಡ ಅನ್ನುವ ಹಕ್ಕು ನಿಮಗಿದೆ. ಬೇಡ ಅನ್ನೋಕೂ ಕೈಯಲ್ಲಿ ನಾಲ್ಕು ಕಾಸು ಇದ್ದರೆ ಧೈರ್ಯ ಬರುತ್ತೆ.

ಇನ್ನೊಂದು ಕಡೆಯಿಂದ, "ಎರಡು ಮಕ್ಕಳ ತಾಯಿಗೆ ಯಾಕೆ ಬೇಕು ಈ ಶೋಕಿ" ಅನ್ನುವವರ ಮಾತಿಗೂ ಬೆಲೆ ಕೊಡಬೇಡಿ. ಅದೇ ಮನೆಯಲ್ಲಿ ಮೈದುನ ಬೆಂಗಳೂರಿಗೆ ಹೋಗಿ ಬೋಳುತಲೆಗೆ ಕೂದಲು ನೆಡಿಸಿಕೊಂಡು ಬಂದರೆ "ವಯಸ್ಸೇ ಗೊತ್ತಾಗಲ್ಲ ನೋಡು" ಅಂತ ಹೊಗಳುತ್ತಾರೆ. ಅವನದು ಅವನ ದುಡಿಮೆ ಅಂತೆ. ಮೈಗೆ ಖರ್ಚು ಮಾಡೋದು ತಪ್ಪು ಅಂತ ಇವರಿಗೂ ಅನ್ನಿಸಲ್ಲ ನೋಡಿ, ರೊಕ್ಕ ಯಾರದು ಅನ್ನುವುದರ ಮೇಲೆ ಮಾತು ಬದಲಾಗುತ್ತೆ.

ಮನೆಯಲ್ಲಿ ಮಾತು

ಡಾಕ್ಟರ ಚೀಟಿ, ಖರ್ಚಿನ ಲೆಕ್ಕ, ನಿಮ್ಮ ಪಾಸ್‌ಬುಕ್, ಮೂರನ್ನೂ ಮುಂದಿಟ್ಟುಕೊಂಡು ಮಾತಾಡಿ. ಅಂಗಡಿಯಿಂದ ದಣಿದು ಬಂದ ಹೊತ್ತು ಬೇಡ, ಅತ್ತೆ ಮಾವ ಕೂತಿರುವಾಗ ಬೇಡ. ಭಾನುವಾರ ಮಕ್ಕಳನ್ನು ಆಟಕ್ಕೆ ಕಳಿಸಿ, ಮಂಡಕ್ಕಿ ಮಿರ್ಚಿ ತರಿಸಿ, ಇಬ್ಬರೇ ಇರುವಾಗ ಶುರು ಮಾಡಿ. "ಮಾಡಿಸ್ಕೊಳ್ಲಾ?" ಅಂತ ಕೇಳಬೇಡಿ. "ರೀ, ನಾನು ಹಿಂಗೆ ಯೋಚನೆ ಮಾಡಿದ್ದೀನಿ. ಡಾಕ್ಟರು ಇಷ್ಟು ಹೇಳಿದ್ದಾರೆ. ಇಷ್ಟು ರೊಕ್ಕ ನನ್ನ ಹತ್ರ ಇದೆ. ಆರು ವಾರ ನಾನು ಭಾರ ಎತ್ತೋ ಹಾಗಿಲ್ಲ, ಅಷ್ಟು ದಿನ ಮನೆ ಹೆಂಗೆ ನಡೆಸೋಣ ಅಂತ ಇಬ್ಬರೂ ಕೂತು ನೋಡೋಣ" ಅಂತ ಹೇಳಿ. ಒಪ್ಪಿಗೆ ಕೇಳುವ ದನಿ ಬೇರೆ, ಸಹಾಯ ಕೇಳುವ ದನಿ ಬೇರೆ. ಅವರಿಗೂ ಭಯ ಇರುತ್ತೆ, ಏನಾದರೂ ಹೆಚ್ಚುಕಮ್ಮಿ ಆದರೆ ಅಂತ. ಆ ಭಯವನ್ನು ವಿರೋಧ ಅಂದುಕೊಳ್ಳಬೇಡಿ, ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪ್ರಶ್ನೆ ಕೇಳಿಸಿ.

ಬೇಡ ಅಂದರೆ ಯಾಕೆ ಅಂತ ಕೇಳಿ. ರೊಕ್ಕ ಅಂದರೆ ನಿಮ್ಮ ಹತ್ತಿರ ಉತ್ತರ ಇದೆ. ಅಪಾಯ ಅಂದರೆ ಡಾಕ್ಟರ ಹತ್ತಿರ ಉತ್ತರ ಇದೆ. "ಜನ ಏನಂತಾರೆ" ಅಂದರೆ ಸ್ವಲ್ಪ ದಿನ ಬಿಡಿ, ಮತ್ತೆ ಮಾತಾಡಿ.

ಆದರೆ ಎಟಿಎಂ ಕಸಿದುಕೊಳ್ಳುವುದು, ಮನೆ ಖರ್ಚಿಗೇ ಕೊಡದಿರುವುದು, ನಿಮ್ಮ ಬಂಗಾರ ಹೇಳದೆ ಅಡ ಇಡುವುದು, ಇಂಥದ್ದು ನಡೆಯುತ್ತಿದ್ದರೆ ಸರ್ಜರಿಯ ವಿಷಯವನ್ನು ಪಕ್ಕಕ್ಕಿಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರೊಕ್ಕದ ಹಿಂಸೆಯೂ ಹಿಂಸೆಯೇ. ಮಹಿಳಾ ಸಹಾಯವಾಣಿ 181. ಕೋರ್ಟಿನ ಹತ್ತಿರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ಸಹಾಯ ಅಲ್ಲಿ ಉಚಿತ.

ಕ್ಲಿನಿಕ್

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ನೀವೂ ನೋಡಿರುತ್ತೀರಿ. ಹೆದರಿಸೋಕೆ ಹೇಳುತ್ತಿಲ್ಲ. ಬ್ಯೂಟಿ ಪಾರ್ಲರ್‌ಗೆ ಹೋಗಿ ಬಂದ ಹಾಗೆ ಸಂಜೆಯೊಳಗೆ ಮುಗಿಯುತ್ತೆ ಅನ್ನುವ ಜಾಹೀರಾತನ್ನು ನಂಬಬೇಡಿ ಅಂತ ಹೇಳುತ್ತಿದ್ದೇನೆ.

ಡಾಕ್ಟರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ತಜ್ಞರ ಪದವಿ ಇದೆಯಾ ನೋಡಿ. ಕಾಸ್ಮೆಟಾಲಜಿಸ್ಟ್ ಅನ್ನುವ ಬೋರ್ಡು ಯಾರು ಬೇಕಾದರೂ ಹಾಕಿಕೊಂಡಿರಬಹುದು. ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ. ಖಾಸಗಿ ಆಸ್ಪತ್ರೆ ಆದರೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳಿಗೆ ಇರುವ ಕರ್ನಾಟಕದ ಕಾಯ್ದೆ) ನೋಂದಣಿ ಪತ್ರ ಗೋಡೆ ಮೇಲೆ ಕಾಣುವ ಹಾಗೆ ಇರಬೇಕು. ಅರಿವಳಿಕೆ ಕೊಡುವ ಡಾಕ್ಟರು ಯಾರು, ಆಪರೇಷನ್ ಮುಗಿಯುವವರೆಗೆ ಇರುತ್ತಾರಾ, ಏನಾದರೂ ಆದರೆ ಐಸಿಯು ಅಲ್ಲೇ ಇದೆಯಾ, ಆಂಬುಲೆನ್ಸ್‌ನಲ್ಲಿ ಬೇರೆ ಕಡೆ ಒಯ್ಯಬೇಕಾ? ಇಂಥ ಪ್ರಶ್ನೆಗೆ ರೇಗುವ ಕ್ಲಿನಿಕ್‌ನಿಂದ ಎದ್ದು ಬನ್ನಿ. ಮೊದಲ ಭೇಟಿಯಲ್ಲೇ ಅಡ್ವಾನ್ಸ್ ಕಟ್ಟಬೇಡಿ, "ಈ ವಾರ ಮಾತ್ರ ಆಫರ್" ಅಂದರಂತೂ ಕಟ್ಟಲೇಬೇಡಿ. ನಿಮ್ಮ ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ನುಂಗುವ ಮಾತ್ರೆ, ಗರ್ಭನಿರೋಧಕ ಮಾತ್ರೆ ಕೂಡ, ಒಂದನ್ನೂ ಮುಚ್ಚಿಡಬೇಡಿ. ಆಪರೇಷನ್ ಮುಂಚೆ, ಆಮೇಲಿನ ಫೋಟೋಗಳನ್ನು ಜಾಹೀರಾತಿಗೆ ಬಳಸುವ ಒಪ್ಪಿಗೆ ಬೇರೆ ಕಾಗದದಲ್ಲಿರುತ್ತೆ, ಬೇಡ ಅಂದರೆ ಸಹಿ ಹಾಕಬೇಡಿ.

ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿಯೇ ಬೇಕು. 2008ರಲ್ಲಿ ಒಂದು ಕೇಸಿನಲ್ಲಿ, ಅರಿವಳಿಕೆಯಲ್ಲಿದ್ದ ಹೆಣ್ಣುಮಗಳ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದು ಸರಿಯಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದೆ. ವಯಸ್ಸಿಗೆ ಬಂದ, ತಿಳಿವಳಿಕೆ ಇರುವವರ ಪರವಾಗಿ ತಾಯಿಯೂ ಒಪ್ಪುವ ಹಾಗಿಲ್ಲ ಅಂದರೆ ಗಂಡನೂ ಒಪ್ಪುವ ಹಾಗಿಲ್ಲ. "ಯಜಮಾನರನ್ನು ಕರೆಸಿ" ಅಂತ ಆಸ್ಪತ್ರೆಯವರು ಹೇಳಿದರೆ ಅದು ಜೊತೆಗೆ ಇರೋಕೆ. ನಿರ್ಧಾರಕ್ಕೆ ಅಲ್ಲ.

ಮನೆಗೆ ಬಂದ ಮೇಲೆ

ಇದನ್ನು ಯಾರೂ ಮೊದಲೇ ಹೇಳಲ್ಲ. ಟಮ್ಮಿ ಟಕ್ ಆದ ಮೇಲೆ ಸಾಮಾನ್ಯವಾಗಿ ಕೆಲವು ದಿನ ಒಳಗಿನ ನೀರು ಹೊರಗೆ ಹೋಗೋಕೆ ಹೊಟ್ಟೆಗೆ ನಳಿಕೆ ಹಾಕಿರುತ್ತಾರೆ, ಬಿಗಿ ಪಟ್ಟಿ ವಾರಗಟ್ಟಲೆ ಕಟ್ಟಿಕೊಂಡಿರಬೇಕು, ಮೊದಮೊದಲು ನೆಟ್ಟಗೆ ನಿಲ್ಲೋಕೂ ಆಗಲ್ಲ. ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ಭಾರ ಅಂದರೆ ಸಿಲಿಂಡರ್ ಮಾತ್ರ ಅಲ್ಲ. ಬಿಂದಿಗೆ, ನೆನೆದ ಬಟ್ಟೆ ಬಕೆಟ್, ಎತ್ತಿಕೋ ಅಂತ ಅಳುವ ಮೂರು ವರ್ಷದ ಮಗು. ಹಾಗಾಗಿ ಮಗು ತಾನಾಗಿ ಮೆಟ್ಟಿಲು ಹತ್ತಿ ಇಳಿಯುವಷ್ಟು ದೊಡ್ಡದಾಗಲಿ ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆ, ಸುಗ್ಗಿ, ದುರ್ಗಾಂಬಿಕಾ ಜಾತ್ರೆ ಇವುಗಳ ಹತ್ತಿರ ದಿನ ಗೊತ್ತು ಮಾಡಬೇಡಿ, ಜಾತ್ರೆಗೆ ನೆಂಟರು ಬಂದಿಳಿದರೆ ನೀವು ಮಲಗೋಕೆ ಆಗುತ್ತಾ? ಅಡುಗೆಗೆ, ಬಟ್ಟೆಗೆ ಯಾರು ಅಂತ ಹೆಸರು ಹಿಡಿದು ನಿಕ್ಕಿ ಮಾಡಿ. ಅಮ್ಮ ಬರುತ್ತಾರೆ ಅನ್ನುವುದಾದರೆ ಅಮ್ಮನ ಮೊಣಕಾಲು ನೋವಿನ ಬಗ್ಗೆಯೂ ಯೋಚಿಸಿ. ಕೂಲಿ ಕೊಟ್ಟು ಇಟ್ಟುಕೊಳ್ಳುವುದಾದರೆ ಅದನ್ನು ಸರ್ಜರಿ ಖರ್ಚಿನಲ್ಲೇ ಸೇರಿಸಿ.

ಬೆಂಗಳೂರಿನಲ್ಲಿ ಮಾಡಿಸಿದರೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಹೊಲಿಗೆ ನೋಡಿಸೋಕೆ, ನಳಿಕೆ ತೆಗೆಸೋಕೆ ಮತ್ತೆ ಮತ್ತೆ ಹೋಗಬೇಕು. ಮೊದಲ ವಾರ ಅಲ್ಲೇ ನೆಂಟರ ಮನೆಯಲ್ಲಿ ಉಳಿಯೋಕೆ ಆಗುತ್ತಾ ನೋಡಿ. ಡಾಕ್ಟರು ಹೇಳಿದ ಹಾಗೆ ಬೇಗ ಎದ್ದು ಮೆಲ್ಲಗೆ ಓಡಾಡಬೇಕು, ಸುಮ್ನೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಒಂದೇ ಕಾಲಿನ ಮೀನಖಂಡ ಬಾತು ನೋವು ಬಂದರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡುತ್ತಾ ಕೂರಬೇಡಿ, ಇಲ್ಲೇ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಜ್ವರ, ಕೀವು, ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯಾದರೆ ಅದೇ ದಿನ ತೋರಿಸಿ.

ನೆಂಟರಿಗೆ ಏನು ಹೇಳೋದು ಅನ್ನುವುದು ನಿಮಗೆ ಬಿಟ್ಟಿದ್ದು. ಹರ್ನಿಯಾ ಆಪರೇಷನ್ ಅಂತ ಹೇಳಿಕೊಂಡು ಓಡಾಡುವವರು ಇದ್ದಾರೆ, ನೇರವಾಗಿ ಹೇಳುವವರೂ ಇದ್ದಾರೆ. ಆದರೆ ಮುಂದೆ ಯಾವತ್ತಾದರೂ ಹೊಟ್ಟೆಯ ಸ್ಕ್ಯಾನಿಂಗೋ ಆಪರೇಷನ್ನೋ ಬಂದರೆ ಆ ಡಾಕ್ಟರಿಗೆ ನಿಜ ಗೊತ್ತಾಗಬೇಕು. ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ಮೂರನ್ನೂ ಕೇಳಿ ಪಡೆದು ಒಂದು ಫೈಲಿನಲ್ಲಿ ಹಾಕಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಕಾಗದ ಕಳೆಯಬೇಡಿ. ಫೈಲು ನಿಮ್ಮ ಪಾಸ್‌ಬುಕ್ ಇರುವ ಕಡೆಯೇ ಇರಲಿ.